ಗೋಡೆಗೆ ಬೂಸ್ಟು, ಬೀರುವಿಗೆ ಮುಗ್ಗಲು ವಾಸನೆ

ಮನೆಯೊಳಗಿನ ಬೂಸ್ಟಿನ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಿಗೆ ಈ ಸಲದ ಉತ್ತರಗಳು. ಒಂದೇ ತೆರನಾದ ಪ್ರಶ್ನೆಗಳನ್ನು ಒಟ್ಟುಗೂಡಿಸಿದ್ದೇವೆ.

ಪ್ರಶ್ನೆ: ಮಲಗುವ ಕೋಣೆಯಲ್ಲಿ ಬೀರುವಿನ ಹಿಂದಿನ ಗೋಡೆಗೆ ಬೂಸ್ಟು ಹಿಡಿಯುತ್ತದೆ. ಎರಡು ಸಲ ಕೆರೆಸಿ, ಪುಟ್ಟಿ ಹಾಕಿಸಿ, ಬೂಸ್ಟು ತಡೆಯುವ ಪೇಂಟನ್ನೇ ಹೊಡೆಸಿದ್ದೇವೆ. ಆದರೂ ಕೆಲವೇ ತಿಂಗಳಲ್ಲಿ ಅದೇ ಜಾಗದಲ್ಲಿ ಕಪ್ಪು ಚುಕ್ಕೆ. ತಪ್ಪು ಪೇಂಟಿನದೋ, ಪೇಂಟರ್‌ನದೋ?

ಉತ್ತರ: ಇಬ್ಬರನ್ನೂ ಬೈಯುವ ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ. ಬೂಸ್ಟಿನ ಬೀಜಕಣಗಳು ಎಲ್ಲ ಮನೆಗಳ ಗಾಳಿಯಲ್ಲೂ ತೇಲುತ್ತಿರುತ್ತವೆ, ಅವು ಬಾರದಂತೆ ತಡೆಯಲಾಗದು. ಅವಕ್ಕೆ ಬೇಕಾದ ಆಹಾರವೂ ಎಲ್ಲೆಡೆ ಇದೆ: ಧೂಳು, ಕಾಗದ, ಪ್ಲೈವುಡ್, ಪೇಂಟಿನೊಳಗಿನ ಅಂಟು. ನಮ್ಮ ಹಿಡಿತದಲ್ಲಿರುವುದು ತೇವವೊಂದೇ. ಮುಟ್ಟಿದರೆ ಕೈ ಒದ್ದೆಯಾಗುವಷ್ಟು ಗೋಡೆ ನೆನೆದಿರಬೇಕೆಂದೇನೂ ಇಲ್ಲ. ಗೋಡೆಯ ಮೈಗೆ ತಾಗಿದ ಗಾಳಿಯ ಆರ್ದ್ರತೆ ದಿನಗಟ್ಟಲೆ ಶೇ. 80ರ ಮೇಲೆ ನಿಂತರೆ ಬೂಸ್ಟು ಏಳುತ್ತದೆ. ಪೇಂಟಿನಲ್ಲಿರುವ ಶಿಲೀಂಧ್ರನಾಶಕ ಕಾಲ ಕಳೆದಂತೆ ಕ್ಷೀಣಿಸುತ್ತದೆ. ಪೇಂಟಿನ ಮೇಲೆ ಕೂತ ಧೂಳಿನಲ್ಲಿ ಬೆಳೆಯುವ ಬೂಸ್ಟನ್ನಂತೂ ಅದು ಹೆಚ್ಚು ಕಾಲ ತಡೆಯಲಾರದು.

ನೀರಿನ ದಾರಿ ತಿಳಿಯಲು ಒಂದು ಸುಲಭ ಪರೀಕ್ಷೆಯಿದೆ. ಬೀರು ಸರಿಸಿ ಗೋಡೆಯನ್ನು ಒಣಬಟ್ಟೆಯಿಂದ ಒರೆಸಿ. ಸುಮಾರು 45 ಸೆಂ.ಮೀ. ಉದ್ದಗಲದ ಅಲ್ಯೂಮಿನಿಯಂ ಫಾಯಿಲ್ ಅಥವಾ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ, ಗಾಳಿ ನುಸುಳದಂತೆ ಅಂಟಿಸಿ. 24ರಿಂದ 48 ಗಂಟೆ ಹಾಗೇ ಬಿಡಿ. ಹಾಳೆಯ ಹೊರಮೈ ಮೇಲೆ ಹನಿ ಕೂತಿದ್ದರೆ ಕೋಣೆಯ ಗಾಳಿಯಲ್ಲಿರುವ ಆವಿ ತಂಪು ಗೋಡೆಗೆ ತಗುಲಿ ನೀರಾಗುತ್ತಿದೆ. ಒಳಮೈಯಲ್ಲಿ, ಅಂದರೆ ಗೋಡೆಯ ಕಡೆ, ಒದ್ದೆಯಿದ್ದರೆ ನೀರು ಗೋಡೆಯೊಳಗಿಂದಲೇ ಬರುತ್ತಿದೆ. ಬಿಸಿಲು ಕಾಯ್ದ ವಾರದಲ್ಲಿ ಈ ಪರೀಕ್ಷೆ ಮಾಡಿ ಪ್ರಯೋಜನವಿಲ್ಲ. ಬೂಸ್ಟು ಕಾಣಿಸಿಕೊಳ್ಳುವ ಕಾಲದಲ್ಲೇ ಮಾಡಿ.

ನಿಮ್ಮ ಪ್ರಶ್ನೆಯಲ್ಲಿ ‘ಬೀರುವಿನ ಹಿಂದೆ’ ಎಂಬ ಮಾತೇ ದೊಡ್ಡ ಸುಳಿವು. ಬೀರು ಗೋಡೆಗೆ ಅಂಟಿಕೊಂಡು ನಿಂತರೆ ಕೋಣೆಯ ಬಿಸುಪು ಅಲ್ಲಿಗೆ ತಲುಪುವುದಿಲ್ಲ, ಗಾಳಿಯೂ ಆಡುವುದಿಲ್ಲ. ಕೋಣೆಯ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್, ಆರ್ದ್ರತೆ ಶೇ. 60 ಇದ್ದಾಗ ಗೋಡೆಯ ಮೈ ಸುಮಾರು 15.5 ಡಿಗ್ರಿಗೆ ಇಳಿದರೆ ಸಾಕು, ಅಲ್ಲಿ ಆರ್ದ್ರತೆ ಶೇ. 80 ಮುಟ್ಟುತ್ತದೆ. ಕೋಣೆಯ ನಡುವೆ ಎಲ್ಲವೂ ಸರಿಯಾಗಿ ಕಾಣುವಾಗಲೇ ಬೀರುವಿನ ಹಿಂದೆ ಬೂಸ್ಟು ಬೆಳೆಯುವುದು ಹೀಗೆ. ಆ ಗೋಡೆ ಮನೆಯ ಹೊರಗೋಡೆಯಾಗಿದ್ದರೆ ಬೀರುವನ್ನು ಒಳಗೋಡೆಯ ಕಡೆಗೆ ಸರಿಸಿ. ಜಾಗವಿಲ್ಲವೆಂದರೆ ಗೋಡೆಯಿಂದ 8–10 ಸೆಂ.ಮೀ. ಬಿಟ್ಟು ನಿಲ್ಲಿಸಿ, ಕೆಳಗೂ ಮೇಲೂ ಗಾಳಿಗೆ ದಾರಿ ಇರಲಿ. ಗೋಡೆಗೇ ಜೋಡಿಸಿದ ವಾರ್ಡ್‌ರೋಬ್ ಆದರೆ ಬಾಗಿಲಿನ ಮೇಲ್ಭಾಗದಲ್ಲೂ ಕೆಳಭಾಗದಲ್ಲೂ ಗಾಳಿಕಿಂಡಿ ಮಾಡಿಸಿ.

ಪರೀಕ್ಷೆಯಲ್ಲಿ ನೀರು ಗೋಡೆಯೊಳಗಿಂದ ಬರುತ್ತಿದೆ ಎಂದು ತಿಳಿದರೆ ಮುಂದಿನ ಹುಡುಕಾಟ ಬೇರೆ. ಮಳೆ ಬಂದ ಮೇಲೆ ಕಲೆ ದೊಡ್ಡದಾಗುತ್ತದೆಯೇ? ಹೊರಗೋಡೆಯ ಬಿರುಕು, ಕಿಟಕಿ ಚೌಕಟ್ಟಿನ ಸಂದು, ಸಜ್ಜೆ ಗೋಡೆಗೆ ಸೇರುವ ಜಾಗ, ತಾರಸಿಯ ನೀರಿಳಿಯುವ ಬಾಯಿ ನೋಡಿ. ಮಳೆಗೂ ಕಲೆಗೂ ಸಂಬಂಧವಿಲ್ಲವೇ? ಮನೆಯ ಎಲ್ಲ ನಲ್ಲಿಗಳನ್ನೂ ಮುಚ್ಚಿ, ನೀರಿನ ಮೀಟರ್‌ನ ಅಂಕಿ ಬರೆದಿಟ್ಟುಕೊಂಡು ಎರಡು ಗಂಟೆ ಯಾರೂ ನೀರು ಮುಟ್ಟಬೇಡಿ. ಅಂಕಿ ಸರಿದಿದ್ದರೆ ಮೀಟರ್‌ನಿಂದ ಈಚೆ ನೀರು ಹರಿಸುವ ಪೈಪ್ ಎಲ್ಲೋ ಸೋರುತ್ತಿದೆ. ಮೇಲಿನ ಟ್ಯಾಂಕಿನಿಂದ ನೀರು ಬರುವ ಮನೆಯಲ್ಲಿ ಮೀಟರ್ ಇದನ್ನು ಹೇಳುವುದಿಲ್ಲ. ಅಲ್ಲಿ ಟ್ಯಾಂಕ್ ತುಂಬುವ ವಾಲ್ವ್ ಮುಚ್ಚಿ, ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಹಾಕಿ ಬೆಳಗಿನವರೆಗೆ ಕಾಯಿರಿ. ಎರಡರಲ್ಲೂ ಏನೂ ಗೊತ್ತಾಗದಿದ್ದರೆ ಅನುಮಾನ ಬಚ್ಚಲಿನ ನೀರು ಹೊರಹೋಗುವ ಪೈಪ್ ಮತ್ತು ಟೈಲ್ಸ್ ಸಂದಿನ ಮೇಲೆ. ಇವು ಬಳಸಿದಾಗ ಮಾತ್ರ ಸೋರುತ್ತವೆ.

ದುರಸ್ತಿ ಮುಗಿದ ಮರುದಿನವೇ ಪೇಂಟರ್‌ಗೆ ಫೋನ್ ಮಾಡಬೇಡಿ. ಕಾಂಕ್ರೀಟ್, ಗಾರೆ ಒಣಗಲು ಒಂದು ಅಂಗುಲ ದಪ್ಪಕ್ಕೆ ಸುಮಾರು ಒಂದು ತಿಂಗಳು ಎಂಬುದು ಕಟ್ಟಡ ಕೆಲಸದವರ ಅಂದಾಜು. ಉಬ್ಬಿದ ಪುಟ್ಟಿಯನ್ನೂ ಚಕ್ಕೆ ಎದ್ದ ಗಾರೆಯನ್ನೂ ಕೆರೆದು ತೆಗೆದು, ಗೋಡೆಯನ್ನು ಬರಿಮೈಯಲ್ಲಿ ಬಿಡಿ. ಅದೇ ಫಾಯಿಲ್ ಪರೀಕ್ಷೆಯಲ್ಲಿ ಒಳಮೈ ಒಣಗಿ ಬಂದ ಮೇಲೆ ಪುಟ್ಟಿ, ಪ್ರೈಮರ್, ಪೇಂಟ್. ನಿಮ್ಮ ಎರಡು ಸಲದ ಖರ್ಚು ನೀರುಪಾಲಾದದ್ದು ಈ ಕಾಯುವಿಕೆ ತಪ್ಪಿದ್ದರಿಂದಲೂ ಇರಬಹುದು.

ಪ್ರಶ್ನೆ: ನೆಲಕ್ಕೆ ಹತ್ತಿರದ ಗೋಡೆಯಲ್ಲಿ ಬಿಳಿ ಹತ್ತಿಯಂಥ ಪುಡಿ ಬರುತ್ತದೆ. ಇದೂ ಬೂಸ್ಟೇ?

ಉತ್ತರ: ಹೆಚ್ಚಾಗಿ ಅಲ್ಲ, ಅದು ಉಪ್ಪು. ನೆಲದ ತೇವ ಇಟ್ಟಿಗೆಯ ಮೂಲಕ ಮೇಲೇರಿ ಒಣಗುವಾಗ ಅದರಲ್ಲಿ ಕರಗಿದ್ದ ಲವಣ ಗೋಡೆಯ ಮೈಮೇಲೆ ಉಳಿಯುತ್ತದೆ. ಒಂದು ಚಿಟಿಕೆ ಕೆರೆದು ಬೆರಳಲ್ಲಿ ತಿಕ್ಕಿ ನೋಡಿ: ಉಪ್ಪು ಹರಳು ಹರಳಾಗಿ ಪುಡಿಯಾಗುತ್ತದೆ, ನೀರಿಗೆ ಹಾಕಿದರೆ ಸಾಮಾನ್ಯವಾಗಿ ಕರಗುತ್ತದೆ. ಬೂಸ್ಟು ಕರಗುವುದಿಲ್ಲ, ಬೆರಳಿಗೆ ಮೆತ್ತಿಕೊಳ್ಳುತ್ತದೆ. ಹೀಗೆ ಏರುವ ತೇವ ಸಾಮಾನ್ಯವಾಗಿ ಸುಮಾರು ಒಂದು ಮೀಟರ್ ಎತ್ತರದೊಳಗೆ ನಿಂತು, ಅಲ್ಲಿ ಅಡ್ಡಗೆರೆಯೊಂದನ್ನು ಬಿಡುತ್ತದೆ. ಉಪ್ಪನ್ನು ಒಣ ಬ್ರಷ್‌ನಿಂದ ಉಜ್ಜಿ ಗುಡಿಸಿ ತೆಗೆಯಿರಿ. ನೀರು ಹಾಕಿ ತೊಳೆದರೆ ಕರಗಿ ಮತ್ತೆ ಗೋಡೆಯೊಳಗೆ ಇಳಿಯುತ್ತದೆ. ಅದರ ಮೇಲೆ ನೀರು ನಿರೋಧಕ ಪೇಂಟ್ ಬಳಿಯುವುದು ಕೆಟ್ಟ ಕೆಲಸ: ತೇವ ಹೊರಬರಲು ದಾರಿ ಸಿಗದೆ ಇನ್ನಷ್ಟು ಮೇಲಕ್ಕೆ ಏರುತ್ತದೆ. ಮೊದಲು ನೋಡಬೇಕಾದದ್ದು ಹೊರಗಿನ ಮಣ್ಣು ಒಳನೆಲಕ್ಕಿಂತ ಎತ್ತರಕ್ಕೆ ಬಂದಿದೆಯೇ, ಗೋಡೆಯ ಬುಡದಲ್ಲಿ ನೀರು ನಿಲ್ಲುತ್ತಿದೆಯೇ ಎಂದು.

ಪ್ರಶ್ನೆ: ಬೂಸ್ಟು ತೆಗೆಯಲು ಒಬ್ಬರು ಬ್ಲೀಚ್ ಅನ್ನುತ್ತಾರೆ, ಇನ್ನೊಬ್ಬರು ವಿನೆಗರ್. ಎರಡನ್ನೂ ಬೆರೆಸಿ ಹಾಕಿದರೆ ಹೇಗೆ?

ಉತ್ತರ: ಬೆರೆಸಲೇಬೇಡಿ. ಬ್ಲೀಚ್ ಯಾವುದೇ ಆಮ್ಲಕ್ಕೆ ಸೇರಿದರೆ ಕ್ಲೋರಿನ್ ಅನಿಲ ಹೊಮ್ಮುತ್ತದೆ. ವಿನೆಗರ್ ಮಾತ್ರವಲ್ಲ, ಆಸಿಡ್ ಇರುವ ಟಾಯ್ಲೆಟ್ ಕ್ಲೀನರ್ ಕೂಡ ಇದೇ ಸಾಲಿಗೆ ಸೇರುತ್ತದೆ. ಚಿಕ್ಕ ಬಚ್ಚಲಿನಲ್ಲಿ ಬಾಗಿಲು ಹಾಕಿಕೊಂಡು ಇವೆರಡನ್ನೂ ಒಂದರ ಹಿಂದೊಂದು ಸುರಿಯುವುದು ಪ್ರಾಣಕ್ಕೇ ಅಪಾಯ. ಅಮೋನಿಯಾ ಇರುವ ಗಾಜು ಒರೆಸುವ ದ್ರಾವಣದ ಜೊತೆಗೂ ಬ್ಲೀಚ್ ಬೇಡ, ಅದರಿಂದ ಕ್ಲೋರಮೈನ್ ಎಂಬ ವಿಷಾನಿಲ ಬರುತ್ತದೆ.

ನಮ್ಮ ಅಭಿಪ್ರಾಯದಲ್ಲಿ ಬೂಸ್ಟಿಗೆ ಮೊದಲ ಮದ್ದು ಬಟ್ಟೆ ಒಗೆಯುವ ಸಾಬೂನು ನೀರು ಮತ್ತು ಉಜ್ಜುವ ಕೈ. ಸತ್ತ ಬೂಸ್ಟಿನಿಂದಲೂ ಅಲರ್ಜಿ ಆಗುತ್ತದೆ, ಆದ್ದರಿಂದ ಅದನ್ನು ಗೋಡೆಯ ಮೇಲೆ ಕೊಲ್ಲುವುದಕ್ಕಿಂತ ಗೋಡೆಯಿಂದ ತೆಗೆಯುವುದು ಮುಖ್ಯ. ಕೆಲಸ ಹೀಗೆ ಮಾಡಿ. ಎನ್‌95 ಮಾಸ್ಕ್, ರಬ್ಬರ್ ಕೈಗವಸು, ಕಣ್ಣಿಗೆ ಸುತ್ತ ಮುಚ್ಚುವ ಕನ್ನಡಕ ಹಾಕಿಕೊಳ್ಳಿ. ಕೋಣೆಯ ಬಾಗಿಲು ಮುಚ್ಚಿ, ಕಿಟಕಿ ತೆರೆಯಿರಿ. ಸೀಲಿಂಗ್ ಫ್ಯಾನ್ ಆರಿಸಿ, ಇಲ್ಲದಿದ್ದರೆ ಬೀಜಕಣ ಮನೆಯೆಲ್ಲ ಹರಡುತ್ತವೆ. ಒಣ ಬೂಸ್ಟನ್ನು ಪೊರಕೆಯಿಂದ ಗುಡಿಸಬೇಡಿ. ಮೊದಲು ಸಾಬೂನು ನೀರನ್ನು ಚಿಮುಕಿಸಿ ನೆನೆಸಿ, ಆಮೇಲೆ ಉಜ್ಜಿ, ಬಟ್ಟೆಯಿಂದ ಒರೆಸಿ. ಬಟ್ಟೆಯನ್ನು ಆಗಾಗ ಬದಲಿಸಿ. ಒಂದೇ ಬಟ್ಟೆಯಲ್ಲಿ ಒರೆಸಿದರೆ ಬೂಸ್ಟು ಊರೆಲ್ಲ ಸುತ್ತುತ್ತದೆ. ಕೊನೆಗೆ ಸ್ವಚ್ಛ ನೀರಿನಿಂದ ಒರೆಸಿ, ಫ್ಯಾನ್ ಹಾಕಿ ಅದೇ ದಿನ ಒಣಗಿಸಿ.

ಟೈಲ್ಸ್, ಗಾಜು, ಪಿಂಗಾಣಿಯಂಥ ನೀರು ಹೀರದ ಮೈಗಳಲ್ಲಿ ಕಲೆ ಉಳಿದರೆ ಬ್ಲೀಚ್ ಬಳಸಬಹುದು. ಒಂದು ಲೀಟರ್ ತಣ್ಣೀರಿಗೆ ಮನೆಬಳಕೆಯ ಬ್ಲೀಚ್ 60 ಮಿ.ಲೀ. ಮೀರಬಾರದು, ಹತ್ತು ನಿಮಿಷ ಒದ್ದೆಯಾಗಿಟ್ಟು ತೊಳೆಯಿರಿ. ಬೆರೆಸಿದ ದ್ರಾವಣವನ್ನು ಮರುದಿನಕ್ಕೆ ಇಡಬೇಡಿ, ಶಕ್ತಿ ಕುಂದುತ್ತದೆ. ಗಾರೆ, ಮರ, ಜಿಪ್ಸಂ ಹಲಗೆಗೆ ಬ್ಲೀಚ್ ಬೇಡ. ಅದರ ನೀರು ಒಳಗಿಳಿಯುತ್ತದೆ, ಔಷಧ ಮೇಲೆಯೇ ಖರ್ಚಾಗುತ್ತದೆ. ಬಣ್ಣ ಬಿಳುಪಾಗಿ ವಾಸಿಯಾದಂತೆ ಕಾಣುತ್ತದೆ, ಒಳಗಿನ ಬೇರಿಗೆ ನೀರು ಸಿಕ್ಕಂತಾಗುತ್ತದೆ. ವಿನೆಗರ್ ಕೆಲವು ಜಾತಿಯ ಬೂಸ್ಟಿನ ಮೇಲೆ ಕೆಲಸ ಮಾಡುತ್ತದೆ, ಎಲ್ಲದರ ಮೇಲಲ್ಲ. ಅಮೃತಶಿಲೆ, ಸುಣ್ಣದ ಕಲ್ಲಿನ ಮೇಲಂತೂ ಹಾಕಬೇಡಿ, ಹೊಳಪು ಹೋಗುತ್ತದೆ.

ಜಿಪ್ಸಂ ಫಾಲ್ಸ್ ಸೀಲಿಂಗ್ ನೆನೆದು ಬೂಸ್ಟು ಹಿಡಿದಿದ್ದರೆ ತೊಳೆಯುವ ಮಾತೇ ಇಲ್ಲ. ಕಾಣುವ ಕಲೆಯಿಂದ ಕನಿಷ್ಠ ಒಂದಡಿ ಆಚೆಯವರೆಗೆ ಕತ್ತರಿಸಿ ತೆಗೆಸಿ. ಮೂರಡಿ ಉದ್ದ, ಮೂರಡಿ ಅಗಲದಷ್ಟು ಜಾಗವನ್ನು ಮನೆಯವರೇ ಶುಚಿ ಮಾಡಬಹುದು ಎಂಬುದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಸಲಹೆ. ಅದಕ್ಕಿಂತ ಹೆಚ್ಚಿದ್ದರೆ, ಅಥವಾ ಚರಂಡಿ ನೀರು ನುಗ್ಗಿ ಬಂದ ಬೂಸ್ಟಾದರೆ, ಕೆಲಸ ಬಲ್ಲವರನ್ನು ಕರೆಯಿರಿ.

ಪ್ರಶ್ನೆ: ಮಳೆಗಾಲದಲ್ಲಿ ಕಿಟಕಿ ತೆರೆದರೆ ಥಂಡಿ ಒಳಗೆ ಬರುತ್ತದೆ, ಮುಚ್ಚಿದರೆ ಮುಗ್ಗಲು ವಾಸನೆ. ಏನು ಮಾಡಬೇಕು?

ಉತ್ತರ: ಹೊರಗಿನ ಆರ್ದ್ರತೆಯ ಶೇಕಡಾವಾರು ನೋಡಿ ಹೆದರಬೇಡಿ. ಅದು ಅರ್ಧ ಕತೆ ಮಾತ್ರ. ಬಿಸಿ ಗಾಳಿ ಹೆಚ್ಚು ಆವಿ ಹಿಡಿಯುತ್ತದೆ: 20 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 17 ಗ್ರಾಂ, 30 ಡಿಗ್ರಿಯಲ್ಲಿ ಸುಮಾರು 30 ಗ್ರಾಂ. ಹೊರಗೆ 20 ಡಿಗ್ರಿ, ಶೇ. 95 ಇದ್ದರೆ ಆ ಗಾಳಿಯಲ್ಲಿರುವುದು 16.4 ಗ್ರಾಂ ನೀರು. ಒಳಗೆ 27 ಡಿಗ್ರಿ, ಶೇ. 70 ಇದ್ದರೆ 18 ಗ್ರಾಂ. ಅಂದರೆ ಹೊರಗೆ ಮಳೆ ಸುರಿಯುತ್ತಿದ್ದರೂ ಎದುರುಬದುರಿನ ಕಿಟಕಿಗಳನ್ನು ಹತ್ತು ಹದಿನೈದು ನಿಮಿಷ ತೆರೆದರೆ ಮನೆ ಒಣಗುತ್ತದೆಯೇ ಹೊರತು ನೆನೆಯುವುದಿಲ್ಲ. ಇದೇ ಲೆಕ್ಕ ತಿರುಗುವುದೂ ಉಂಟು. ಹೊರಗೆ 30 ಡಿಗ್ರಿ, ಶೇ. 80 ಸೆಕೆಯಿದ್ದು, ಒಳಗೆ ಎಸಿ ಹಾಕಿ 23 ಡಿಗ್ರಿ, ಶೇ. 60ಕ್ಕೆ ತಂದಿದ್ದೀರಿ ಅನ್ನಿ. ಹೊರಗಿನ ಗಾಳಿಯಲ್ಲಿ 24 ಗ್ರಾಂ, ಒಳಗೆ 12. ಈಗ ಕಿಟಕಿ ತೆರೆದರೆ ತಣ್ಣೀರಿನ ಲೋಟದ ಹೊರಮೈ ಬೆವರುವ ಹಾಗೆ ನಿಮ್ಮ ಗೋಡೆಯೂ ಬೆವರುತ್ತದೆ.

ಇದಕ್ಕೆಲ್ಲ ಆರ್ದ್ರತೆ ಅಳೆಯುವ ಮಾಪಕ, ಅಂದರೆ ಒಂದು ಡಿಜಿಟಲ್ ಹೈಗ್ರೋಮೀಟರ್ ಬೇಕು, ಅಗ್ಗದ್ದೇ ಸಾಕು. ಆದರೆ ಅಗ್ಗದವು ಕೆಲವೊಮ್ಮೆ ತಪ್ಪು ಅಂಕಿ ತೋರಿಸುತ್ತವೆ, ಪರೀಕ್ಷಿಸಿಕೊಳ್ಳಿ. ಬಾಟಲಿ ಮುಚ್ಚಳವೊಂದರಲ್ಲಿ ಅಡುಗೆ ಉಪ್ಪು ತುಂಬಿ, ಕೆಲವೇ ಹನಿ ನೀರು ಹಾಕಿ ಒದ್ದೆ ಮರಳಿನಂತೆ ಮಾಡಿ. ಉಪ್ಪು ಪೂರ್ತಿ ಕರಗಬಾರದು. ಅದನ್ನೂ ಮಾಪಕವನ್ನೂ ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿ ಹನ್ನೆರಡು ಗಂಟೆ ಇಡಿ. ಒಳಗೆ ಆರ್ದ್ರತೆ ಶೇ. 75ಕ್ಕೆ ನಿಲ್ಲುತ್ತದೆ. ಮಾಪಕ 70 ತೋರಿಸಿದರೆ ಅದು ಐದು ಕಡಿಮೆ ಹೇಳುತ್ತಿದೆ ಎಂದು ಹಿಂದೆ ಬರೆದಂಟಿಸಿ. ಮನೆಯೊಳಗೆ ಶೇ. 60ರ ಕೆಳಗಿರಲಿ, 30ರಿಂದ 50 ಒಳ್ಳೆಯದು.

ಹೊರಗಿನ ತೇವಕ್ಕಿಂತ ನಾವೇ ಒಳಗೆ ಹುಟ್ಟಿಸುವ ತೇವ ಹೆಚ್ಚಿರುವ ಮನೆಗಳೇ ಬಹಳ. ಒಂದು ಯಂತ್ರದಷ್ಟು ಒದ್ದೆ ಬಟ್ಟೆ ಕೋಣೆಯಲ್ಲಿ ಒಣಗಿದರೆ ಸುಮಾರು ಎರಡು ಲೀಟರ್ ನೀರು ಗಾಳಿಗೆ ಸೇರುತ್ತದೆ. ಒಂದು ಕಿಲೋ ಅಡುಗೆ ಅನಿಲ ಉರಿದರೆ ಒಂದೂವರೆ ಲೀಟರ್‌ಗೂ ಹೆಚ್ಚು ನೀರು ಆವಿಯಾಗಿ ಹುಟ್ಟುತ್ತದೆ. ಪಾತ್ರೆಯಿಂದೇಳುವ ಆವಿ ಬೇರೆ. ಬಟ್ಟೆ ಒಳಗೇ ಒಣಗಿಸಬೇಕಾದರೆ ಒಂದೇ ಕೋಣೆಯಲ್ಲಿ, ಬಾಗಿಲು ಮುಚ್ಚಿ, ಫ್ಯಾನ್ ಹಾಕಿ, ಕಿಟಕಿ ತೆರೆದಿಟ್ಟು ಒಣಗಿಸಿ. ಮಲಗುವ ಕೋಣೆ ಅದಕ್ಕೆ ಕೊನೆಯ ಆಯ್ಕೆ.

ಪ್ರಶ್ನೆ: ಬಚ್ಚಲಿನಲ್ಲಿ ಎಕ್ಸಾಸ್ಟ್ ಫ್ಯಾನ್ ಇದ್ದರೂ ಸೂರಿನಲ್ಲಿ ಕಪ್ಪು ಚುಕ್ಕೆ ಬರುತ್ತದೆ. ಟೈಲ್ಸ್ ಸಂದಿನ ಸಿಲಿಕಾನ್ ಕೂಡ ಕಪ್ಪಾಗಿದೆ, ಎಷ್ಟು ಉಜ್ಜಿದರೂ ಹೋಗದು.

ಉತ್ತರ: ಫ್ಯಾನ್ ಸದ್ದು ಮಾಡಿದ ಮಾತ್ರಕ್ಕೆ ಗಾಳಿ ಎಳೆಯುತ್ತಿದೆ ಎಂದಲ್ಲ. ತೆಳು ಕಾಗದದ ತುಂಡೊಂದನ್ನು ಅದರ ಜಾಲರಿಗೆ ಹಿಡಿಯಿರಿ, ಅಂಟಿಕೊಂಡು ನಿಲ್ಲಬೇಕು. ಬಿದ್ದರೆ ಜಾಲರಿಯ ಧೂಳು ತೆಗೆಯಿರಿ, ಹೊರಗಿನ ಮುಚ್ಚಳ ತೆರೆದುಕೊಳ್ಳುತ್ತಿದೆಯೇ ನೋಡಿ. ಹೊರಹೋದಷ್ಟು ಗಾಳಿ ಒಳಬರಲು ದಾರಿಯೂ ಬೇಕು: ಬಾಗಿಲ ಕೆಳಗೆ ಎರಡು ಸೆಂ.ಮೀ. ಸಂದು ಬಿಡಿಸಿ. ಹಲವು ಬಚ್ಚಲುಗಳಲ್ಲಿ ಫ್ಯಾನಿನ ಪಕ್ಕದಲ್ಲೇ ಕಿಟಕಿ ತೆರೆದಿರುತ್ತದೆ. ಆಗ ಫ್ಯಾನ್ ಕಿಟಕಿಯ ಗಾಳಿಯನ್ನೇ ಎಳೆದು ಹೊರಹಾಕುತ್ತಾ ಕೂರುತ್ತದೆ, ಷವರ್ ಮೇಲಿನ ಆವಿ ಅಲ್ಲೇ ಉಳಿಯುತ್ತದೆ. ಫ್ಯಾನ್ ಓಡುವಾಗ ಆ ಕಿಟಕಿ ಮುಚ್ಚಿ. ಫ್ಯಾನಿನ ಗಾಳಿ ಫಾಲ್ಸ್ ಸೀಲಿಂಗ್ ಒಳಗೆ ಬಿಡುಗಡೆಯಾಗುತ್ತಿದ್ದರೆ ನೀವು ಬೂಸ್ಟನ್ನು ಮೇಲಿನ ಮಹಡಿಗೆ ಸಾಗಿಸುತ್ತಿದ್ದೀರಿ ಅಷ್ಟೇ. ಸಾಮಾನ್ಯ ಬಚ್ಚಲಿಗೆ ಗಂಟೆಗೆ ಕನಿಷ್ಠ 85 ಘನ ಮೀಟರ್ ಗಾಳಿ ಎಳೆಯುವ ಫ್ಯಾನ್ ಬೇಕು. ಸ್ನಾನ ಮುಗಿದ ಮೇಲೂ 20–30 ನಿಮಿಷ ಓಡಲಿ. ರಬ್ಬರ್ ಪಟ್ಟಿಯ ವೈಪರ್‌ನಿಂದ ಟೈಲ್ಸ್ ನೀರನ್ನು ಎಳೆದುಬಿಟ್ಟರೆ ಒಣಗಬೇಕಾದ ನೀರೇ ಕಡಿಮೆಯಾಗುತ್ತದೆ. ಒಂದು ನಿಮಿಷದ ಕೆಲಸ.

ಸಿಲಿಕಾನ್ ಮೇಲೆ ಕೂತ ಬೂಸ್ಟು ಉಜ್ಜಿದರೆ ಹೋಗುತ್ತದೆ, ಒಳಗಿಳಿದದ್ದು ಹೋಗದು. ಬ್ಲೇಡ್‌ನಿಂದ ಪೂರ್ತಿ ಕತ್ತರಿಸಿ ತೆಗೆದು, ಸಂದನ್ನು ಶುಚಿ ಮಾಡಿ, ಕನಿಷ್ಠ ಒಂದು ದಿನ ಬಚ್ಚಲು ಬಳಸದೆ ಒಣಗಿಸಿ, ಶಿಲೀಂಧ್ರನಾಶಕ ಸೇರಿಸಿದ ಸ್ಯಾನಿಟರಿ ಸಿಲಿಕಾನ್ ತುಂಬಿ. ಒದ್ದೆ ಸಂದಿನ ಮೇಲೆ ಹಾಕಿದ್ದು ಹಿಡಿದುಕೊಳ್ಳುವುದಿಲ್ಲ.

ಪ್ರಶ್ನೆ: ಚರ್ಮದ ಬೂಟು, ಬ್ಯಾಗು, ಪುಸ್ತಕ, ಕ್ಯಾಮೆರಾ ಲೆನ್ಸ್ ಎಲ್ಲಕ್ಕೂ ಬೂಸ್ಟು. ಬೀರುವಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟರೂ ಪ್ರಯೋಜನವಾಗಿಲ್ಲ.

ಉತ್ತರ: ಬೀರುವಿನ ಬಾಗಿಲ ಸಂದಿನಲ್ಲಿ ಹೊಸ ಗಾಳಿ ಬರುತ್ತಲೇ ಇರುತ್ತದೆ. ನಾಲ್ಕು ಪುಟ್ಟ ಪೊಟ್ಟಣ ಅದನ್ನೆಲ್ಲ ಒಣಗಿಸಲಾರವು. ಸಿಲಿಕಾ ಜೆಲ್ ಕೆಲಸ ಮಾಡುವುದು ರಬ್ಬರ್ ಅಂಚಿನ, ಗಾಳಿಯಾಡದ ಡಬ್ಬಿಯಲ್ಲಿ. ಲೆನ್ಸ್‌ಗಳಿಗೆ 20 ಲೀಟರ್ ಡಬ್ಬಿ, 100 ಗ್ರಾಂ ಸಿಲಿಕಾ ಜೆಲ್, ಒಳಗೊಂದು ಹೈಗ್ರೋಮೀಟರ್ ಇಡಿ, ಅಂಕಿ ಶೇ. 40–50ರಲ್ಲಿರಲಿ. ಚರ್ಮದ ಅಥವಾ ಸ್ಪಂಜಿನ ಚೀಲದಲ್ಲಿ ಲೆನ್ಸ್ ಇಡಬೇಡಿ, ಅವು ತೇವ ಹಿಡಿದಿಡುತ್ತವೆ. ಬಣ್ಣ ಬದಲಾಯಿಸುವ ಜೆಲ್ ಕೊಳ್ಳುವಾಗ ಕಿತ್ತಳೆ ಬಣ್ಣದ್ದನ್ನು ಆರಿಸಿ. ನೀಲಿಯದರಲ್ಲಿ ಸಾಮಾನ್ಯವಾಗಿ ವಿಷಕಾರಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ. ಬಣ್ಣ ಬದಲಾದ ಮೇಲೆ ಪ್ಯಾಕೆಟ್ ಮೇಲೆ ಹೇಳಿದ ಉಷ್ಣತೆಯಲ್ಲಿ ಒಣಗಿಸಿ ಮತ್ತೆ ಬಳಸಬಹುದು. ನೀರಾಗಿ ಕರಗುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿಗಳು ಬೀರುವಿಗೆ ಇನ್ನೂ ವಾಸಿ, ಆದರೆ ಆ ದ್ರವ ಚೆಲ್ಲಿದರೆ ಚರ್ಮವೂ ಲೋಹವೂ ಹಾಳು. ಕೆಳಗಿನ ಅರೆಯಲ್ಲೇ ಇಡಿ.

ಚರ್ಮಕ್ಕೆ: ಮನೆಯ ಹೊರಗೆ ಒಣ ಬ್ರಷ್‌ನಿಂದ ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ನೀರನ್ನು ಸಮ ಬೆರೆಸಿ ಬಟ್ಟೆಗೆ ಹಚ್ಚಿ ಒರೆಸಿ, ನೆರಳಲ್ಲಿ ಒಣಗಿಸಿ. ಬಣ್ಣ ಬಿಡುತ್ತದೆಯೇ ಎಂದು ಕಾಣದ ಮೂಲೆಯಲ್ಲಿ ಮೊದಲು ಪರೀಕ್ಷಿಸಿ. ಕ್ರೀಮ್ ಹಚ್ಚುವುದು ಪೂರ್ತಿ ಒಣಗಿದ ಮೇಲೆ.

ಪುಸ್ತಕದ ಬೂಸ್ಟನ್ನು ಒದ್ದೆಯಿರುವಾಗ ಒರೆಸಿದರೆ ಕಾಗದದೊಳಗೆ ಮೆತ್ತಿಕೊಳ್ಳುತ್ತದೆ. ಮೊದಲು ಒಣಗಿಸಿ, ಬೂಸ್ಟು ಪುಡಿಯಾದ ಮೇಲೆ ಮೆತ್ತನೆಯ ಬ್ರಷ್‌ನಿಂದ ಹೊರಗೆ ನಿಂತು ಉದುರಿಸಿ. ಪುಸ್ತಕಗಳು ನೆನೆದೇ ಹೋಗಿ, ಎರಡು ದಿನದೊಳಗೆ ಒಣಗಿಸಲಾಗದು ಎನಿಸಿದರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರೀಜರ್‌ಗೆ ಹಾಕಿ. ಬೂಸ್ಟು ಸಾಯುವುದಿಲ್ಲ, ಬೆಳವಣಿಗೆ ನಿಲ್ಲುತ್ತದೆ. ಆಮೇಲೆ ಒಂದೊಂದಾಗಿ ತೆಗೆದು ಒಣಗಿಸಬಹುದು.

ಪ್ರಶ್ನೆ: ಕಪ್ಪು ಬೂಸ್ಟು ವಿಷವಂತೆ, ಗಾಳಿ ಪರೀಕ್ಷೆ ಮಾಡಿಸಬೇಕೇ?

ಉತ್ತರ: ಬಣ್ಣ ನೋಡಿ ಬೂಸ್ಟಿನ ಜಾತಿ ಹೇಳಲಾಗದು. ಸ್ಟಾಕಿಬೋಟ್ರಿಸ್ ಎಂಬ ಕುಖ್ಯಾತ ಜಾತಿ ಕಪ್ಪೇನೋ ಹೌದು, ಆದರೆ ಬಚ್ಚಲಿನ ಸಾಮಾನ್ಯ ಬೂಸ್ಟುಗಳಲ್ಲೂ ಬಹಳಷ್ಟು ಕಪ್ಪೇ. ಜಾತಿ ಯಾವುದಾದರೂ ಮಾಡಬೇಕಾದ ಕೆಲಸ ಒಂದೇ, ಹಾಗಾಗಿ ಕಣ್ಣಿಗೆ ಕಾಣುವ ಬೂಸ್ಟಿಗೆ ಪರೀಕ್ಷೆಯ ಖರ್ಚು ದಂಡ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಮನೆಯ ತೇವ ಮತ್ತು ಬೂಸ್ಟಿನ ಬಗ್ಗೆ ಹೊರತಂದ ಮಾರ್ಗಸೂಚಿಯಲ್ಲೂ ಇಷ್ಟು ಬೀಜಕಣದವರೆಗೆ ಸುರಕ್ಷಿತ ಎಂಬ ಅಂಕಿಯಿಲ್ಲ. ತೇವವನ್ನೇ ತಡೆಯಿರಿ ಎನ್ನುತ್ತದೆ. ಅಸ್ತಮಾ ಇರುವವರು, ರೋಗನಿರೋಧಕ ಶಕ್ತಿ ಕುಗ್ಗಿದವರು, ಹಸುಗೂಸುಗಳು ಶುಚಿಗೊಳಿಸುವ ದಿನ ಆ ಮನೆಯಲ್ಲಿರದಂತೆ ನೋಡಿಕೊಳ್ಳಿ. ಮನೆಯಲ್ಲಿದ್ದಾಗ ಕೆಮ್ಮು, ಉಬ್ಬಸ ಬಂದು ಹೊರಗೆ ಹೋದಾಗ ಕಡಿಮೆಯಾಗುತ್ತಿದ್ದರೆ ವೈದ್ಯರಿಗೆ ಆ ವಿವರವನ್ನೂ ಹೇಳಿ.

ಪ್ರಶ್ನೆ: ಎಸಿ ಹಾಕಿದ ಕೂಡಲೇ ಮುಗ್ಗಲು ವಾಸನೆ. ಅದರ ಬದಲು ಗಾಳಿಯ ತೇವ ಹೀರುವ ಯಂತ್ರ, ಅಂದರೆ ಡಿಹ್ಯೂಮಿಡಿಫೈಯರ್ ಕೊಳ್ಳುವುದು ಒಳ್ಳೆಯದೇ?

ಉತ್ತರ: ವಾಸನೆ ಎಸಿಯ ಒಳಗಿನ ಕಾಯಿಲ್ ಮತ್ತು ನೀರು ಬೀಳುವ ತಟ್ಟೆಯದು. ಫಿಲ್ಟರನ್ನು ನೀವೇ ತಿಂಗಳಿಗೊಮ್ಮೆಯಾದರೂ ತೊಳೆಯಿರಿ. ಕಾಯಿಲ್ ಮತ್ತು ನೀರು ಹೋಗುವ ಕೊಳವೆಯನ್ನು ಮೆಕ್ಯಾನಿಕ್‌ನಿಂದ ಶುಚಿ ಮಾಡಿಸಿ. ಕೋಣೆಗೆ ಮೀರಿದ ದೊಡ್ಡ ಎಸಿ ಬೇಗ ತಂಪು ಮಾಡಿ ಕಂಪ್ರೆಸರ್ ನಿಲ್ಲಿಸಿಬಿಡುತ್ತದೆ, ತೇವ ಹೀರಲು ಅದಕ್ಕೆ ಸಮಯವೇ ಸಿಗುವುದಿಲ್ಲ. ಚಳಿ ಹಿಡಿಸುವ ಜಿಗುಟು ಕೋಣೆ ಹೀಗಾಗುತ್ತದೆ. ಸೆಕೆಯಿಲ್ಲದೆ ತೇವ ಮಾತ್ರ ಇರುವ ಕಾಲಕ್ಕೆ ಡಿಹ್ಯೂಮಿಡಿಫೈಯರ್ ಸರಿಯಾದ ಯಂತ್ರ, ಆದರೆ ಸೋರುವ ಗೋಡೆಗೆ ಅದು ಉತ್ತರವಲ್ಲ. ಪೆಟ್ಟಿಗೆಯ ಮೇಲೆ ಬರೆದ ‘ದಿನಕ್ಕೆ 20 ಲೀಟರ್’ ಸಾಮಾನ್ಯವಾಗಿ 30 ಡಿಗ್ರಿ, ಶೇ. 80 ಆರ್ದ್ರತೆಯಲ್ಲಿ ಅಳೆದದ್ದು. ತಂಪು ಕೋಣೆಯಲ್ಲಿ ಅದಕ್ಕಿಂತ ಬಹಳ ಕಡಿಮೆ ಸಿಗುತ್ತದೆ. ಉಷ್ಣತೆ 15 ಡಿಗ್ರಿಗಿಂತ ಕೆಳಗಿರುವ ಕಡೆ ಕಂಪ್ರೆಸರ್ ಬಗೆಯದು ಸೋಲುತ್ತದೆ, ತೇವ ಹೀರುವ ವಸ್ತು ಬಳಸುವ ಡೆಸಿಕೆಂಟ್ ಬಗೆಯದನ್ನು ಕೊಳ್ಳಿ. ಕಿಟಕಿ ಬಾಗಿಲು ಮುಚ್ಚಿ ಓಡಿಸಿ, ಶೇ. 55ಕ್ಕೆ ಹೊಂದಿಸಿ, ಗೋಡೆಯಿಂದ ಒಂದಡಿ ದೂರ ಇಡಿ. ಬಕೆಟ್ ತುಂಬಿದ ಕೂಡಲೇ ಯಂತ್ರ ತಾನಾಗಿ ನಿಲ್ಲುತ್ತದೆ. ರಾತ್ರಿಯಿಡೀ ಓಡಬೇಕೆಂದರೆ ಅದರ ಕೊಳವೆಯನ್ನು ಬಚ್ಚಲಿಗೆ ಇಳಿಬಿಡಿ.